ಮೇಲಿನ ಆಕಾಶ ಶಾಂತ

ಭೂಕಂಪದಲ್ಲಿ ಬಟ್ಟೆ ಕಾರ್ಖಾನೆಯ ಮೂರನೆಯ ಮಹಡಿಯ ಒಂದು ಮೂಲೆ ಕುಸಿದು ಒಂಬತ್ತು ಹೆಂಗಸರು ಸತ್ತರು. ಮಾಲೀಕರು ಉಳಿದ ಗೋಡೆಗಳ ಬಿರುಕಿಗೆ ಗಾರೆ ಮೆತ್ತಿಸಿ, ಸುಣ್ಣ ಬಳಿಸಿ, ಬದುಕಿದವರನ್ನು ಅದೇ ಮಹಡಿಗೆ ಹತ್ತಿಸಿದರು.

ಮೊದಮೊದಲು ಯಾರೂ ಹತ್ತಲಿಲ್ಲ. ಮೆಟ್ಟಿಲ ಬುಡದಲ್ಲೇ ಕೂತುಬಿಟ್ಟರು. ಆಗ ಮಾಲೀಕರಿಗೆ ಗುಡ್ಡದ ಮೇಲಿನ ವೀಕ್ಷಣಾಲಯ ನೆನಪಾಯಿತು. ಉಪಗ್ರಹಗಳ ಸಂಕೇತ ಹಿಡಿದು, ಮೋಡಗಳಿಗಿಂತ ಎಷ್ಟೋ ಎತ್ತರದ ಅಯಾನುಗೋಳವೆಂಬ ಪದರ ಹೇಗಿದೆಯೆಂದು ನೋಡುವ ಜಾಗ ಅದು. ನೆಲ ನಡುಗುವ ಮುಂಚೆ ಕೆಲವೊಮ್ಮೆ ಆ ಪದರ ಕದಡುತ್ತದೆಂದು ಯಾರೋ ಪತ್ರಿಕೆಯಲ್ಲಿ ಬರೆದಿದ್ದರು. ಮಾಲೀಕರಿಗೆ ಅಷ್ಟೇ ಸಾಕಾಯಿತು; ವೀಕ್ಷಣಾಲಯಕ್ಕೆ ಹೊಸ ಯಂತ್ರಗಳನ್ನು ಕೊಡಿಸಿದರು. ಅಂದಿನಿಂದ ಪ್ರತಿ ಬೆಳಿಗ್ಗೆ ಪಾಳಿಗೆ ಮುಂಚೆ ವೀಕ್ಷಣಾಲಯದಿಂದ ಒಂದು ಸಾಲು ಕಾರ್ಖಾನೆಯ ಧ್ವನಿವರ್ಧಕದಲ್ಲಿ ಕೇಳತೊಡಗಿತು: "ಮೇಲಿನ ಆಕಾಶ ಶಾಂತ."

ಓದುತ್ತಿದ್ದವಳು ಅಲ್ಲಿನ ಕಿರಿಯ ವಿಜ್ಞಾನಿ. ಅವಳ ಮುಖ ಕಾಣದ ಹೆಂಗಸರು ಶಾಂತಕ್ಕ ಎಂದು ಹೆಸರಿಟ್ಟಿದ್ದರು. ಅವಳ ಒಡಹುಟ್ಟಿದ ಅಕ್ಕ ಅದೇ ಮೂರನೆಯ ಮಹಡಿಯಲ್ಲಿ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದಳು. "ಮನೇಲಿ ಒಂದು ಗಳಿಗೆ ಬಾಯಿ ಮುಚ್ಚಲ್ಲ, ಇವಳು ಶಾಂತವಂತೆ!" ಎಂದು ಜೊತೆಯವರನ್ನು ನಗಿಸುತ್ತಿದ್ದಳು. ಆದರೂ ಆ ದನಿ ಕೇಳದೆ ಮೊದಲ ಮೆಟ್ಟಿಲಿಗೆ ಕಾಲಿಡುತ್ತಿರಲಿಲ್ಲ.

ವೀಕ್ಷಣಾಲಯದಲ್ಲಿ ಶಾಂತ ಎಂದರೆ ತೊಳೆದ ಮೇಲೆ ನಕ್ಷೆಯ ಗೆರೆ ನೇರವಾಗಿದೆ ಎಂದರ್ಥ, ಅಷ್ಟೇ. ಕಾರಣ ಗೊತ್ತಾಗದ ಏರಿಳಿತಗಳನ್ನೆಲ್ಲ ಗದ್ದಲವೆಂದು ಕರೆದು ನಕ್ಷೆಯಿಂದ ತೆಗೆದುಹಾಕುವುದಕ್ಕೆ ಅವರು ತೊಳೆಯುವುದು ಎನ್ನುತ್ತಿದ್ದರು. ಮೆಟ್ಟಿಲ ಬುಡದಲ್ಲಿ ನಿಂತವರಿಗೆ ಮಾತ್ರ ಅದೇ ಪದ 'ಮೇಲೆ ಹತ್ತಿ, ಸಾಯಲ್ಲ' ಎಂದು ಕೇಳಿಸುತ್ತಿತ್ತು. ಈ ಎರಡು ಅರ್ಥಗಳ ನಡುವಿನ ಕಂದಕ ಮಾಲೀಕರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಕೊಂಡದ್ದೇ ಆ ಕಂದಕವನ್ನು.

ಒಂದು ಬೆಳಿಗ್ಗೆ ಪರದೆಯ ಮೇಲೆ ಗೆರೆ ಹೆಡೆಯೆತ್ತಿ ನಿಂತಿತ್ತು. ಸೂರ್ಯನಲ್ಲಿ ಬಿರುಗಾಳಿ ಎದ್ದಾಗ ಹೀಗಾಗುವುದುಂಟು. ಆದರೆ ಸೂರ್ಯ ವಾರದಿಂದ ತಣ್ಣಗಿದ್ದ. ಯಂತ್ರ ಕೆಟ್ಟಿದೆಯೇನೋ ಎಂದು ಅವಳು ಬೆಟ್ಟದಾಚೆಯ ಕೇಂದ್ರದ ನಕ್ಷೆ ತೆರೆದಳು. ಅಲ್ಲೂ ಅದೇ ಹೆಡೆ. ನೋಡನೋಡುತ್ತಿದ್ದಂತೆ ಇನ್ನಷ್ಟು ಮೇಲೇರಿತು.

ವೀಕ್ಷಣಾಲಯದ ನಿರ್ದೇಶಕರು ಚಹಾದ ಲೋಟ ಹಿಡಿದು ಒಳಬಂದರು. "ಏನಮ್ಮಾ, ಇನ್ನೂ ತೊಳೆದಿಲ್ವಾ?"

"ಇದು ತೊಳೆಯೋ ಅಂಥದ್ದಲ್ಲ ಸರ್. ಎರಡು ಕಡೆನೂ ಬಂದಿದೆ."

ಅವರು ಬಗ್ಗಿ ನೋಡಿದರು. ಲೋಟ ಮೇಜಿನ ಮೇಲಿಟ್ಟರು. "ಕದಡಿದಾಗಲೆಲ್ಲ ನೆಲ ನಡುಗುತ್ತಾ? ನೀನೇ ಹೇಳು."

"ಇಲ್ಲ ಸರ್."

"ಮತ್ತೆ? ಸುಮ್ಸುಮ್ನೆ ಹುಯಿಲೆಬ್ಬಿಸಿ, ಏನೂ ಆಗದಿದ್ರೆ ಊರೆಲ್ಲ ನಮ್ಮ ಮುಖಕ್ಕೆ ಉಗಿಯುತ್ತೆ."

"ನಡುಗುತ್ತೆ ಅಂತ ನಾನೆಲ್ಲಿ ಅಂದೆ? ಕದಡಿದೆ, ಕಾರಣ ಗೊತ್ತಿಲ್ಲ ಅಂತ ಇರೋದನ್ನ ಓದ್ತೀನಿ."

"ಓದಿದ್ರೆ ಒಬ್ಬಳೂ ಹತ್ತಲ್ಲ. ಇವತ್ತು ಮಾಲೀಕರ ಸರಕು ಹಡಗಿಗೆ ಹೋಗ್ಬೇಕು. ಈ ಯಂತ್ರಗಳೆಲ್ಲ ಯಾರು ಕೊಡಿಸಿದ್ದು ಅಂತ ಮರೆತ್ಯಾ? ತೊಳೆದುಬಿಡು. ತೊಳೆದ್ರೆ ಶಾಂತ, ಸುಳ್ಳೇನೂ ಅಲ್ಲವಲ್ಲ."

ನಿಜವೇ. ಸುಳ್ಳಲ್ಲ. ಇಷ್ಟು ದಿನ ಅವಳು ನೆಮ್ಮದಿಯಾಗಿ ಉಂಡದ್ದೂ ಅದೇ ಧೈರ್ಯದ ಮೇಲೆ.

ಮೈಕಿನ ಕೆಂಪು ದೀಪ ಹತ್ತಿತು. ಆ ಕಡೆಯ ಸದ್ದೂ ತಂತಿಯಲ್ಲಿ ಬರುತ್ತಿತ್ತು: ಚಪ್ಪಲಿಗಳ ಸರಪರ, ಯಾರದೋ ಕೆಮ್ಮು, ಊಟದ ಡಬ್ಬಿಯ ಟಣ್ ಎನ್ನುವ ಸದ್ದು. ಆಮೇಲೆ ಅಕ್ಕನ ದನಿ, ಹತ್ತಿರದಲ್ಲೇ: "ಯಾಕೇ ಶಾಂತಕ್ಕಾ, ತೂಕಡಿಸ್ತಿದ್ದೀಯಾ? ಬೇಗ ಹೇಳೇ ಮಾರಾಯ್ತಿ, ಬಾಗಿಲು ಹಾಕ್ಕೊಂಡ್ರೆ ಇವತ್ತಿನ ಕೂಲಿ ಹೋಗುತ್ತೆ."

ಯಾರೋ ಕಿಸಕ್ಕನೆ ನಕ್ಕರು. ನಿರ್ದೇಶಕರು ಕೈಸನ್ನೆ ಮಾಡಿದರು: ಓದು.

"ಮೇಲಿನ ಆಕಾಶ..." ಎಂದಳು. ಮುಂದಿನ ಪದ ಓದದೆ ಪರದೆಯ ಕಡೆ ನೋಡಿದಳು. ಆ ಕಡೆ ನಗು ನಿಂತಿತು. ಚಪ್ಪಲಿಗಳ ಸದ್ದೂ ನಿಂತಿತು.

"ಅಕ್ಕಾ, ಆಕಾಶ ಕದಡಿದೆ. ಯಾಕೆ ಅಂತ ಗೊತ್ತಿಲ್ಲ. ನೆಲ ನಡುಗುತ್ತೋ ಇಲ್ವೋ ಅದೂ ಗೊತ್ತಿಲ್ಲ. ನಿಮ್ಮ ಗೋಡೆ ನಡುಕ ತಡೆಯುತ್ತೋ ಇಲ್ವೋ, ಅದನ್ನ ಇಲ್ಲಿ ಯಾರೂ ನೋಡೇ ಇಲ್ಲ. ಶಾಂತ ಅಂದ್ರೆ ಏನೂ ಆಗಲ್ಲ ಅಂತ ಅಲ್ಲ. ಯಾವತ್ತೂ ಹಾಗಿರ್ಲಿಲ್ಲ."

ಅಕ್ಕ ಕೇಳಿದಳು: "ಹಾಗಾದ್ರೆ ಇಷ್ಟು ದಿನ ಯಾವ ನಂಬಿಕೆ ಮೇಲೆ ಹತ್ತಿದ್ವೇ ನಾವು?"

ಅವಳು ಉತ್ತರ ಕೊಡುವಷ್ಟರಲ್ಲಿ ನಿರ್ದೇಶಕರು ಮೈಕಿಗೆ ಕೈ ಹಾಕಿದರು. ಅವಳು ಅದರ ಕತ್ತನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ತಪ್ಪಾಯ್ತು ಅನ್ನು," ಅವರು ಹಲ್ಲು ಕಚ್ಚಿ ಹೇಳಿದರು. "ಗದ್ದಲ ಇತ್ತು, ತೊಳೆದಿದ್ದೀವಿ, ಶಾಂತ ಅಂತ ಓದು."

"ಓದಲ್ಲ," ಎಂದಳು. ಕಾರ್ಖಾನೆಯ ಅಂಗಳದ ತುಂಬ ಅದು ಕೇಳಿಸಿತು.