ಅಂಬಾಬಾಯಿಯ ಒಗ್ಗರಣೆ, ಸಿದ್ದಲಿಂಗಪ್ಪನ ಮಷೀನು

ಈ ಕಥೆಯನ್ನು ಸಿದ್ದಲಿಂಗಪ್ಪ ಬೇರೆ ರೀತಿ ಹೇಳುತ್ತಾನೆ. ಮದುವೆ ಮನೆ ಇರಲಿ, ಸೀಮಂತದ ಮನೆ ಇರಲಿ, ನಾಲ್ಕು ಜನ ಸಿಕ್ಕರೆ ಸಾಕು, "ನಮ್ಮ ಶಿವಗಂಗಕ್ಕ ಏಸಿ ಹಾಕಿಸಿ ಮಂದಿಗೆಲ್ಲಾ ಸೀನು ಹಚ್ಚಿದ್ಲು" ಎಂದು ಶುರು ಮಾಡುತ್ತಾನೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ, ನನಗೇನು! ಆದರೆ ಆ ಏಸಿಯ ದೆಸೆಯಿಂದ ಅಂಬಾಬಾಯಿ ನನ್ನ ಅಡುಗೆಮನೆ ಬಿಟ್ಟು ಎದ್ದು ಹೋದದ್ದನ್ನು ಮಾತ್ರ ಅವನು ಹೇಳುವುದಿಲ್ಲ. ಅದನ್ನು ನಾನೇ ಹೇಳಬೇಕು, ಯಾಕೆಂದರೆ ತಪ್ಪು ನನ್ನದು. ಹಾಗೆ ಒಪ್ಪಿಕೊಂಡು ನನಗೆ ರೂಢಿ ಇಲ್ಲ. ಅದಕ್ಕೇ ಸ್ವಲ್ಪ ಸುತ್ತು ಬಳಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಮ್ಮದು ಪುಣೆಯ ಹಡಪಸರದಲ್ಲಿ ಖಾನಾವಳಿ. ಕಂಪ್ಯೂಟರ್ ಕಂಪನಿಗಳಿರುವ ಮಗರಪಟ್ಟಾದ ದೊಡ್ಡ ಗೇಟಿನಿಂದ ನಡೆದು ಬಂದರೆ ಹತ್ತು ನಿಮಿಷ. ಜಮಖಂಡಿ ಕಡೆಯಿಂದ ಬಂದ ನಾನೂ ನನ್ನ ಯಜಮಾನರು ಗೂಳಪ್ಪನವರೂ ಸೇರಿ ಇಟ್ಟದ್ದು. ಯಜಮಾನರು ದುಡ್ಡಿನ ಗಲ್ಲೆಯ ಮೇಲೆ ಕೂತು ಎಲ್ಲದಕ್ಕೂ "ಹೂಂ" ಅನ್ನುತ್ತಾರೆ, ಉಳಿದದ್ದೆಲ್ಲ ನನ್ನ ತಲೆಯ ಮೇಲೆ. ಬೋರ್ಡಿನ ಮೇಲೆ ನನ್ನ ಹೆಸರಿದೆ ನಿಜ, ಆದರೆ ಜನ ಬರುತ್ತಿದ್ದದ್ದು ಅಂಬಾಬಾಯಿಯ ಕೈರೊಟ್ಟಿಗೆ. ಅವಳು ಆಳಂದದ ಕಡೆಯವಳು. ಗಂಡ ತಾಯಪ್ಪ ಕಟ್ಟಡದ ಕೆಲಸಕ್ಕೆ ಪುಣೆಗೆ ಬಂದ, ಅವನ ಹಿಂದೆ ಬಂದ ಇವಳು ನನ್ನ ಒಲೆಯ ಮುಂದೆ ಕೂತವಳು ಹದಿನಾಲ್ಕು ವರ್ಷ ಏಳಲಿಲ್ಲ. ಅವಳು ಬಡಿದ ಜೋಳದ ರೊಟ್ಟಿ ಹಂಚಿನ ಮೇಲೆ ಉಬ್ಬಿದರೆ, ಆ ಉಬ್ಬು ಇಳಿಯುವ ಮೊದಲೇ ಉಣ್ಣುವವರ ತಾಟಿಗೆ ಬೀಳಬೇಕು. ಅದಕ್ಕೆಂದೇ ನಮ್ಮ ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ರೊಟ್ಟಿ ಸತ್ತು ಹೋಗುತ್ತದೆ ಎಂದು ಅವಳು ಹೇಳಿದ್ದಳು, ನಾನು ಚೌಕಟ್ಟಿನಿಂದ ಬಾಗಿಲನ್ನೇ ಕೀಳಿಸಿದ್ದೆ.

ಎರಡು ಸಾವಿರದ ಐದರ ಬೇಸಿಗೆ. ರಸ್ತೆಯ ಉದ್ದಕ್ಕೂ ಏಸಿ ಹೋಟೆಲುಗಳು ಎದ್ದವು. ಕೊರಳಿಗೆ ಆಫೀಸಿನ ಕಾರ್ಡು ಹಾಕಿಕೊಂಡ ಹುಡುಗ ಹುಡುಗಿಯರು ನಮ್ಮಲ್ಲಿ ಬಂದು, ಎಣ್ಣೆಗಾಯಿ ಉಂಡು, ಬೆವರು ಒರೆಸಿಕೊಳ್ಳುತ್ತ "ಮಾವಶಿ, ಏಸೀ ನಾಹೀ ಕಾ?", ಏಸಿ ಇಲ್ಲವೇ, ಎನ್ನತೊಡಗಿದರು. ಒಂದು ಸಲ ಕೇಳಿದರೆ ಸುಮ್ಮನಿರಬಹುದು. ದಿನಾ ಕೇಳಿದರೆ? ನನಗೆ ಮೊದಲೇ ಸಿಟ್ಟು ಮೂಗಿನ ಮೇಲೆ. "ಹಾಕಸ್ತೀನಿ ತಗೊ" ಅಂದುಬಿಟ್ಟೆ. ಆಡಿದ ಮೇಲೆ ಹಾಕಿಸಬೇಕಲ್ಲ!

ಸಿದ್ದಲಿಂಗಪ್ಪ ನನ್ನ ಚಿಕ್ಕವ್ವನ ಮಗ. ಲಕ್ಷ್ಮೀ ರೋಡಿನ ಸೀರೆ ಅಂಗಡಿಗಳಿಗೆಲ್ಲ ಏಸಿ ಕೂಡಿಸಿದವನು. ಅಳತೆ ಪಟ್ಟಿ ಹಿಡಿದುಕೊಂಡು ಬಂದು, ನನ್ನ ಊಟದ ಪಡಸಾಲೆಯನ್ನು ಡಾಕ್ಟರು ರೋಗಿಯನ್ನು ನೋಡುವ ಹಾಗೆ ನೋಡಿದ. ಗೋಡೆಗೆ ತೂಗುವ ಸಣ್ಣ ಡಬ್ಬಿ ಇಲ್ಲಿ ಸಾಲುವುದಿಲ್ಲವಂತೆ. ಪ್ಯಾಕೇಜ್ ಮಷೀನೇ ಬೇಕಂತೆ. ಅದು ಸ್ಟೀಲ್ ಕಪಾಟಿನಷ್ಟು ಎತ್ತರ, ನೆಲದ ಮೇಲೆ ನಿಲ್ಲುತ್ತದೆ. ಅದರ ತಲೆಯಿಂದ ತಗಡಿನ ಕೊಳವೆ ಹೊರಟು, ಪಡಸಾಲೆಯ ಮಾಳಿಗೆಯ ಕೆಳಗೆ ಎಂಟು ಜಾಳಿಗೆಗಳಿಂದ ಗಾಳಿ ಬಿಡುತ್ತದೆ. ಬಿಸಿ ಉಗುಳುವ ಇನ್ನೊಂದು ಭಾಗ ಮಾಳಿಗೆಯ ಮೇಲೆ.

"ಅಕ್ಕಾ, ಮಷೀನು ಹೊಸಾ ಗಾಳಿ ಹುಟ್ಟಸಂಗಿಲ್ಲ" ಎಂದು ಪಾಠ ಮಾಡಿದ. "ಕೆಳಗಿನ ಬಾಯಿಲೆ ಗಾಳಿ ಎಳಕೋತದ, ಥಂಡ ಮಾಡತದ, ಮ್ಯಾಲಿಂದ ಬಿಡತದ. ಅದಕ್ಕ ಇದನ್ನ ಅಡಗಿಮನಿಯಿಂದ ದೂರ, ಆ ಮೂಲ್ಯಾಗ ಇಡೂನು."

"ಆ ಮೂಲ್ಯಾಗ ಬಸವಣ್ಣನ ಫೋಟೋ ಅದ. ಕಣ್ಣಿಗೆ ಕಾಣಂಗಿಲ್ಲೇನು?"

ನಮ್ಮಲ್ಲಿ ಉಣ್ಣಲು ಬಂದವರು ಆ ಫೋಟೋದ ಮುಂದಿನ ತಟ್ಟೆಯಿಂದ ವಿಭೂತಿ ಹಚ್ಚಿಕೊಂಡು ಕೂರುತ್ತಾರೆ. ಅದನ್ನು ಸರಿಸಿ ಕಪಾಟು ನಿಲ್ಲಿಸುವುದೇ? ಸಾಧ್ಯವೇ ಇಲ್ಲ. ಪಡಸಾಲೆಗೂ ಅಡುಗೆಮನೆಗೂ ನಡುವೆ ಕೈ ತೊಳೆಯುವ ಸಂದಿ ಇತ್ತಲ್ಲ, ಅಲ್ಲಿ ಇಡು ಎಂದೆ. ಅವನು ತಲೆ ಕೆರೆದುಕೊಂಡ.

"ಇಡಬಹುದು. ಆದರ ಅಡಗಿಮನಿಗೆ ಬಾಗಲಾ ಕೂಡಸಬೇಕಾಗತದ. ಇಲ್ಲಾಂದ್ರ ಅಲ್ಲಿನ ಗಾಳಿನೂ ಎಳಕೋತದ."

ಒಳಗಿನಿಂದ ಅಂಬಾಬಾಯಿ "ಬಾಗಲಾ ಅಂತ, ಬಾಗಲಾ!" ಎಂದು ನಕ್ಕಳು. ನಾನೂ ನಕ್ಕೆ. ಆ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ.

"ಅಕ್ಕಾ, ನಾ ಹೇಳಿದ್ದು ನೆನಪಿಟಗೊ."

"ನಿನ್ನ ನೆನಪು ನೀನ ಇಟಗೊಪಾ. ನಿನಗ ಮಷೀನು ಗೊತ್ತು, ನನಗ ನನ್ನ ಖಾನಾವಳಿ ಗೊತ್ತು."

ಅವನು ಯಜಮಾನರ ಮುಖ ನೋಡಿದ. ಯಜಮಾನರು "ಹೂಂ" ಅಂದರು.

ಎಂಟು ದಿನ ನಮ್ಮ ಮನೆ ಕುರುಕ್ಷೇತ್ರವಾಯಿತು. ಮಷೀನು ಮುಂಬಾಗಿಲಲ್ಲಿ ಹಿಡಿಸದೆ ಚೌಕಟ್ಟು ಬಿಚ್ಚಿದರು. ತಾಮ್ರದ ಕೊಳವೆಗಾಗಿ ಗೋಡೆಗೆ ತೂತು ಹಾಕುವಾಗ ಜುಣಕದ ಪಾತ್ರೆಗೆ ಸುಣ್ಣ ಉದುರಿತು. ಸಿದ್ದಲಿಂಗಪ್ಪ ಒಂದೊಂದು ಬೆಸುಗೆಗೂ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಬರುತ್ತದೋ ಎಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಎಳೆಗೂಸಿಗೆ ಎಣ್ಣೆ ಹಚ್ಚುವಾಗಲೂ ಅವನು ಅಷ್ಟು ಜೋಪಾನ ಮಾಡಿರಲಿಕ್ಕಿಲ್ಲ. ಏನೇ ಅನ್ನಿ, ಕೆಲಸಗಾರ.

ಗುರುವಾರ ಸಂಜೆ ನಾಲ್ಕಕ್ಕೆ, ಒಲೆಗಳೆಲ್ಲ ಆರಿದ ಹೊತ್ತಿನಲ್ಲಿ, ಮಷೀನು ಚಾಲೂ ಮಾಡಿದ. ಮೊದಲು ಒಂದು ಗುರ್ ಸದ್ದು. ಆಮೇಲೆ ಜಾಳಿಗೆಯಿಂದ ಸಣ್ಣಗೆ ಗಾಳಿ. ಆಮೇಲೆ, ಯವ್ವಾ, ಎಂಥ ತಂಪು! ಹದಿನಾಲ್ಕು ವರ್ಷದ ಬೆವರು ಬೆನ್ನ ಮೇಲೆ ಆರಿಹೋದಂತಾಗಿ ನನಗೆ ಅಳುವೇ ಬಂತು. ಓಡಿಹೋಗಿ ಎದುರಿನ ಹೊಲಿಗೆ ಅಂಗಡಿಯ ಶಾಮಲಾಳನ್ನು ಕರೆದೆ. ಹಾಲಿನವನನ್ನು ಕರೆದೆ. ಸಿಲಿಂಡರ್ ತಂದವನನ್ನೂ ಕೂಡಿಸಿದೆ, "ಎರಡ ಮಿಂಟ ಕುಂದರಪಾ, ಹ್ಯಾಂಗದ ನೋಡು" ಎಂದು. ಎಲ್ಲರೂ ಕೂತರು, ಹೊಗಳಿದರು. ಅಂಬಾಬಾಯಿ ಒಳಗೆ ಮರುದಿನದ ಕಾಳು ಆರಿಸುತ್ತಿದ್ದಳು.

ಭಾನುವಾರ ಉದ್ಘಾಟನೆ. ಅಲ್ಲಿಯವರೆಗೆ ಮಷೀನು ಯಾರೂ ಮುಟ್ಟಬಾರದೆಂದು ಬಂದ್ ಇಡಿಸಿದ್ದೆ. ರಿಬ್ಬನ್ ಕತ್ತರಿಸಲು ನಮ್ಮ ಕಡೆಯ ಕನ್ನಡ ಮಂಡಳಿಯ ಅಧ್ಯಕ್ಷ ಅಪ್ಪಾಸಾಹೇಬರು ಬಂದರು. ರಿಬ್ಬನ್ ಕತ್ತರಿಸಿ ಸುಮ್ಮನೆ ಕೂರುವ ಜನವೇ ಅವರು? ಭಾಷಣ ತೆಗೆದರು. ಐವತ್ತು ಜನ ತುಂಬಿದ ಪಡಸಾಲೆ, ಕಿಟಕಿಗಳೆಲ್ಲ ಬಂದ್, ಎಂಟೂ ಜಾಳಿಗೆಗಳಿಂದ ತಣ್ಣನೆಯ ಗಾಳಿ. ನಾನು ಇಳಕಲ್ ಸೀರೆ ಉಟ್ಟು ಗಲ್ಲೆಯ ಪಕ್ಕದಲ್ಲಿ ನಿಂತಿದ್ದೆ. ಸರಿಯಾಗಿ ಹನ್ನೆರಡು ಹೊಡೆಯಿತು.

ಹನ್ನೆರಡಕ್ಕೆ ನಮ್ಮ ಅಡುಗೆಮನೆಯಲ್ಲಿ ಮಡಿಕೆಕಾಳಿನ ಪಲ್ಯಕ್ಕೆ ಒಗ್ಗರಣೆ ಬೀಳುತ್ತದೆ. ದೊಡ್ಡ ಬೋಗುಣಿ, ಕಾದ ಎಣ್ಣೆ, ಜಜ್ಜಿದ ಬಳ್ಳೊಳ್ಳಿ, ಎರಡು ಮುಷ್ಟಿ ಒಣಮೆಣಸಿನಕಾಯಿ, ಮೇಲೆ ಒಂದು ಸೌಟು ಕೆಂಪು ಖಾರ. ದಿನವೂ ಆ ಘಾಟು ಹಿತ್ತಲ ಕಿಟಕಿಯಿಂದ ಹೊರಗೆ ಹೋಗಿ, ನಾಯಿಗಳು ಸೀನಿ ಸುಮ್ಮನಾಗುತ್ತಿದ್ದವು. ಆ ದಿನ ಅದಕ್ಕೆ ಹೊಸ ದಾರಿ ಸಿಕ್ಕಿತ್ತು. ಬಾಗಿಲಿಲ್ಲದ ಅಡುಗೆಮನೆಯಿಂದ ಸಂದಿಗೆ ಬಂತು, ಮಷೀನು ಅದನ್ನು ಒಂದು ತೊಟ್ಟೂ ಬಿಡದೆ ಎಳೆದುಕೊಂಡಿತು, ಥಂಡ ಮಾಡಿ ಎಂಟೂ ಜಾಳಿಗೆಗಳಿಂದ ಸಮಪಾಲಾಗಿ ಹಂಚಿತು.

"ಈ ತಂಪಿನ ವಾತಾವರಣದಾಗ..." ಎಂದ ಅಪ್ಪಾಸಾಹೇಬರ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆಮೇಲೆ ಅವರು ಸೀನಿದ ಸೀನಿಗೆ ಕನ್ನಡಕ ಮಜ್ಜಿಗೆಯ ಪಾತ್ರೆಗೆ ಬಿತ್ತು. ಹಿಂದೆಯೇ ಐವತ್ತೂ ಜನ. ಕೆಮ್ಮುವವರು, ಸೀನುವವರು, ಸೆರಗು ಬಾಯಿಗೆ ಒತ್ತಿಕೊಂಡವರು, ತಾಟು ಬಿಟ್ಟು ಬೀದಿಗೆ ಓಡಿದವರು. ಸಿದ್ದಲಿಂಗಪ್ಪ ಕಣ್ಣೀರು ಸುರಿಸುತ್ತ "ಬಂದ್ ಮಾಡ್ರಿ, ಬಂದ್ ಮಾಡ್ರಿ" ಎಂದು ಕೂಗುತ್ತಿದ್ದ. ಯಜಮಾನರಿಗೆ "ಹೂಂ" ಅನ್ನಲೂ ಆಗಲಿಲ್ಲ.

ಇಲ್ಲಿಯವರೆಗೆ ಸಿದ್ದಲಿಂಗಪ್ಪ ಹೇಳುವ ಕಥೆ. ಮುಂದಿನದು ನನ್ನದು. ನಾನು ಅಡುಗೆಮನೆಗೆ ನುಗ್ಗಿದೆ, ಎಲ್ಲರಿಗೂ ಕೇಳುವಂತೆ ಕೂಗಿದೆ.

"ಇವತ್ತ ಹಾಕಬೇಕಾಗಿತ್ತೇನು ನಿನ್ನ ಖಾರಾ? ಬುದ್ಧಿಗೇಡಿ! ಮಂದಿ ಮುಂದ ನನ್ನ ಮಾನಾ ಕಳದಿ!"

ಅಂಬಾಬಾಯಿ ನನ್ನನ್ನೇ ನೋಡಿದಳು. ಒಲೆ ಆರಿಸಿದಳು. ಹಿಟ್ಟಿನ ಕೈ ತೊಳೆದುಕೊಂಡಳು.

"ಹದಿನಾಲ್ಕು ವರ್ಷ ಹನ್ನೆರಡಕ್ಕ ಒಗ್ಗರಣಿ ಹಾಕೀನ್ರಿ ಅಕ್ಕಾರ. ಇವತ್ತ ಬ್ಯಾಡಂತ ಯಾರೂ ಹೇಳಲಿಲ್ಲ."

ಅಷ್ಟೇ ಮಾತು. ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಸಂಜೆಗೆ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಸೋಮವಾರವೂ ಇಲ್ಲ, ಮಂಗಳವಾರವೂ ಇಲ್ಲ.

ರೊಟ್ಟಿ ನಾನೇ ಬಡಿದೆ. ಬಡಿದೆ ಅನ್ನುವುದು ನನ್ನ ಬಾಯಿ, ತಾಟಿನಲ್ಲಿ ಬೇರೆಯೇ ಕಾಣುತ್ತಿತ್ತು. ಅಂಚು ಒಡೆದವು, ನಡುವೆ ಹಸಿ ಉಳಿದವು. ಬಿಜಾಪುರ ಕಡೆಯ ಹುಡುಗನೊಬ್ಬ ಅರ್ಧ ರೊಟ್ಟಿ ಬಿಟ್ಟು, "ಅಂಬಕ್ಕಾರ ಊರಿಗೆ ಹೋಗ್ಯಾರೇನ್ರಿ?" ಎಂದು ಮೆಲ್ಲಗೆ ಕೇಳಿದ.  ಬುಧವಾರ ಶಾಮಲಾ ಸುದ್ದಿ ತಂದಳು. ಪುಣೆಯ ಆಚೆ, ದೂರದ ತಳೇಗಾಂವದ ಹೊಸ ಹೋಟೆಲಿನವರು ಅಂಬಾಬಾಯಿಯನ್ನು ಕರೆದಿದ್ದಾರೆ, ಇರಲು ಖೋಲಿಯನ್ನೂ ಕೊಡುತ್ತಾರೆ, ಶನಿವಾರ ಗಂಟುಮೂಟೆ ಕಟ್ಟುತ್ತಾಳೆ.

ಸಿದ್ದಲಿಂಗಪ್ಪನನ್ನು ಕರೆಸಿದೆ. "ಮಷೀನು ನಿನಗ ಬೇಕಾದಲ್ಲಿ ಇಡು" ಎಂದೆ. ಬಸವಣ್ಣನ ಫೋಟೋವನ್ನು ನಾನೇ ಇಳಿಸಿ, ಒರೆಸಿ, ಗಲ್ಲೆಯ ಮೇಲಿನ ಗೋಡೆಗೆ ಹಾಕಿದೆ.

"ಮಷೀನು ಸರಸೂದು ಎರಡ ದಿನದ ಕೆಲಸಕ್ಕಾ" ಎಂದ ಅವನು. "ಅಂಬಕ್ಕನ್ನ ಕರಕೊಂಡ ಬರೂದು ನನಗ ಬರಂಗಿಲ್ಲ ನೋಡು."

ನಾನು ಯಜಮಾನರ ಕಡೆ ತಿರುಗಿ, "ನೀವ ಹೋಗಿ ಬರ್ರಲಾ" ಎಂದೆ. ಆ ಮನುಷ್ಯ "ಹೂಂ" ಅನ್ನಲಿಲ್ಲ!

"ಬೈದಾಕಿ ನೀನು. ಹೋಗಾಕಿನೂ ನೀನ."

ಶುಕ್ರವಾರ ಮಷೀನು ಹೊಸ ಮೂಲೆಯಲ್ಲಿ ಗುರ್ ಅಂದಿತು. ಒಣಮೆಣಸಿನಕಾಯಿ ಹುರಿದು ಪರೀಕ್ಷೆ ಮಾಡಿದೆವು, ಘಾಟು ಹಿತ್ತಲಿಗೇ ಹೋಯಿತು. ನಾನು ಚಪ್ಪಲಿ ಮೆಟ್ಟಿ, ಅವಳಿದ್ದ ಮುಂಢವಾ ಬಡಾವಣೆಯ ಕಡೆ ಹೊರಟೆ. ಅಂಬಾಬಾಯಿಯ ತಗಡಿನ ಖೋಲಿಯ ಮುಂದೆ ಎರಡು ಗಂಟು ಆಗಲೇ ಕಟ್ಟಿ ಇಟ್ಟಿತ್ತು. ಅದನ್ನು ನೋಡಿ, ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಮಷೀನು ಸರಿಸೇವಿ" ಎಂದೆ. "ಇನ್ನ ನೀ ಎಷ್ಟು ಬೇಕಾದ್ರೂ ಒಗ್ಗರಣಿ ಹಾಕು."

"ಛಲೋ ಆತ್ರಿ" ಎಂದಳು, ಚಹಾ ಇಡುತ್ತ. "ಹೊಸದಾಗಿ ಬರಾಕಿ ಹಾಕತಾಳ."

"ಬೈದದ್ದು ಸಿಟ್ಟೇನವಾ? ನನ್ನ ಬಾಯಿ ನಿನಗ ಗೊತ್ತಿಲ್ಲೇನು?"

"ನಿಮ್ಮ ಬಾಯಿ ದಿನಾ ಕೇಳೀನ್ರಿ. ಅದಕ್ಕೇನ ಸಿಟ್ಟು?" ಕಪ್ಪು ನನ್ನ ಕೈಗೆ ಕೊಟ್ಟು ಎದುರು ಕೂತಳು. "ಮಷೀನು ಚಾಲೂ ಆದ ದಿನ ಹಾಲಿನಾಂವಗ ಕರದ್ರಿ. ಸಿಲಿಂಡರ್ ತಂದಾಂವಗ ಕರದ್ರಿ. ಅಲ್ಲೇ ಹತ್ತ ಹೆಜ್ಜಿ ಆಚೆ ಕುಂತಿದ್ದೆ ನಾನು. ಅಂಬಾಬಾಯಿ, ಬಾ, ಒಂದ್ ಮಿಂಟ ಕುಂದರು ಅಂತ ಒಂದ ಮಾತ ಅಂದ್ರೇನ್ರಿ? ಒಲೀ ಮುಂದ ಬೇಯಾಕಿ ನಾನು."

  ಚಹಾ ಕೈಯಲ್ಲೇ ಆರುತ್ತಿತ್ತು. ನಾಚಿಕೆಯಾಯಿತು, ಅಷ್ಟು ನಾಚಿಕೆ ನನಗೆ ಎಂದೂ ಆಗಿರಲಿಲ್ಲ.

"ನಂದು ತಪ್ಪಾತು ಅಂಬಾಬಾಯಿ" ಎಂದೆ. "ತಳೇಗಾಂವಕ್ಕ ಹೋಗಾಕಿ ಹೋಗು. ಆದರ ಈಗ ನನ್ನ ಜೋಡಿ ಬಾ. ಒಂದ ಊಟ ಕುಂತು ಉಂಡ ಹೋಗು."

 ಅವಳು ಎದ್ದು ಬೇರೆ ಸೀರೆ ಉಟ್ಟುಕೊಂಡಳು.

ನಡು ಜಾಳಿಗೆಯ ಕೆಳಗಿನ ಮೇಜಿಗೆ ಅವಳನ್ನು ಕೂಡಿಸಿದೆ. ಹದಿನಾಲ್ಕು ವರ್ಷದಲ್ಲಿ ಅವಳು ಆ ಪಡಸಾಲೆಯಲ್ಲಿ ಕೂತದ್ದು ಅದೇ ಮೊದಲು. ಬೆನ್ನು ನೆಟ್ಟಗೆ ಮಾಡಿ, ಕುರ್ಚಿಯ ತುದಿಯಲ್ಲಿ ಕೂತಳು. ನಾನೇ ತಾಟು ಇಟ್ಟೆ, ಬದನೆಕಾಯಿ ಬಡಿಸಿದೆ, ಶೇಂಗಾ ಹಿಂಡಿ, ಮೊಸರು ಬಡಿಸಿದೆ, ಒಲೆಯ ಮುಂದೆ ಹೋಗಿ ರೊಟ್ಟಿ ಬಡಿದು ಓಡೋಡಿ ತಂದೆ. ಅಪ್ಪಾಸಾಹೇಬರಿಗೂ ನಾನು ಹಾಗೆ ಓಡಿ ಬಡಿಸಿದವಳಲ್ಲ. ತಂಪು ಗಾಳಿಗೆ ಅವಳ ಹಣೆಯ ಮೇಲಿನ ಕೂದಲು ಅಲುಗುತ್ತಿತ್ತು. ಒಂದು ಸಲ ಕಣ್ಣು ಮುಚ್ಚಿ ಮುಖ ಮೇಲೆತ್ತಿ ಕೂತಳು. ನಾನು ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ಪಕ್ಕದಲ್ಲಿ ನಿಂತೇ ಇದ್ದೆ. ಏನಾದರೂ ಅನ್ನಲಿ ಎಂದು ಕಾದೆ. ಹೋಗುತ್ತೇನೆ ಅಂದರೂ ಸರಿ, ಅನ್ನಲಿ.

ಅವಳು ರೊಟ್ಟಿಯ ತುದಿ ಮುರಿದಳು. ಬೆಳಕಿಗೆ ಹಿಡಿದು ನೋಡಿದಳು. ಬೆರಳಿನಿಂದ ದಪ್ಪ ಅಳೆದಳು.

"ಇದನ್ನ ಯಾರು ಬಡದಾರ್ರಿ?"

"ನಾನ."

"ಈ ಐದೂ ದಿನ ಮಂದಿಗೆ ಇದನ್ನ ಹಾಕೀರೇನು?"

"ಹೂಂ" ಎಂದೆ. ಗಲ್ಲೆಯಿಂದ ಯಜಮಾನರು ನನ್ನನ್ನು ನೋಡಿ ನಕ್ಕರು.

ಅಂಬಾಬಾಯಿ ಆ ರೊಟ್ಟಿಯನ್ನು ಕಷ್ಟಪಟ್ಟು ಅಗಿದು, ನುಂಗಿ, ಮೇಲೆ ಮಜ್ಜಿಗೆ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಮುಖ ನೋಡಿದಳು.

"ಅಕ್ಕಾರ, ಒಂದ ಮಾತ ಹೇಳತೀನಿ. ನಾಳಿಂದ ನೀವು ನನ್ನ ಒಲೀ ಹತ್ರ ಬರಬ್ಯಾಡ್ರಿ."