ಭಂಡಾರ ಮುಟ್ಟಿದ ಕೈ

"ಏ ಮುದಕಾ, ಗೂಟ ಕೀಳ್ತಿಯೋ, ಇಲ್ಲಾ ಅದನ್ನ ತಗೊಂಡು ನಿನ್ನ ಕುಂಡ್ಯಾಗ ಹೆಟ್ಲೋ?"

ವಾರ್ಡಿನ ಮೆಂಬರ ಮುರಿಗೆಪ್ಪ ಹಾಗಂದಾಗ ನಮ್ಮ ಮಾವ ರಾಯಪ್ಪ ಹಾಸಿನ ಮೇಲೆ ಗಂಜಿ ಸವರುತ್ತಿದ್ದ. ಕಂಬಳಿ ನೇಯುವ ಮುಂಚೆ ಉಣ್ಣೆಯ ಎಳೆಗಳನ್ನು ಗೂಟದಿಂದ ಗೂಟಕ್ಕೆ ಉದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಬೇಕು. ಅದಕ್ಕೆ ನಾವು ಹಾಸು ಅನ್ನುತ್ತೇವೆ. ಮನೆಯೊಳಗೆ ಆಗುವ ಕೆಲಸವಲ್ಲ ಅದು. ನಮ್ಮ ಮನೆಗಳಲ್ಲಿ ಕಾಲು ಚಾಚಿ ಮಲಗಿದರೆ ಪಾದ ಹೊಸ್ತಿಲಾಚೆ ಬರುತ್ತದೆ. ಹೀಗಾಗಿ ಗೋಕಾಕದ ನಮ್ಮ ಗಲ್ಲಿಗೆಲ್ಲ ಚೌಕವೇ ಅಂಗಳ, ಚೌಕವೇ ಕಾರಖಾನೆ. ಒಂದು ಕಡೆ ಸೋಮಪ್ಪನ ಚಹಾದ ಗಾಡಿ, ಇನ್ನೊಂದು ಕಡೆ ಮಿರ್ಚಿ ಭಜಿ, ಬೇವಿನ ಕಟ್ಟೆಯ ಮೇಲೆ ನೂಲುತ್ತ ಕೂತ ಮುದುಕಿಯರು, ನಡುವೆ ನಮ್ಮ ಕರಿ ಹಾಸುಗಳು. ಕುಡಿದು ತೂರಾಡುವವನು ಕೂಡ ಹಾಸು ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತಿದ್ದ.

ಮುರಿಗೆಪ್ಪ ಸುತ್ತು ಹಾಕಲಿಲ್ಲ. ಬೂಟುಗಾಲಲ್ಲಿ ಹಸಿ ಹಾಸಿನ ನಡುವೆಯೇ ನಡೆದು ಬಂದ. ಎಳೆಗಳು ಬೂಟಿಗೆ ಅಂಟಿಕೊಂಡು ಪಟಪಟ ಹರಿದವು.

"ಥೂ! ಕುರಿ ನಾತ! ಊರಿಗೆ ಊರs ಸುಧಾರಿಸಾಕತ್ತೈತಿ, ನೀವು ಇನ್ನೂ ಕೂದಲಾ ಜಗ್ಗಕೋತ ಕುಂತೀರಿ. ನಾಳಿಂದ ಇಲ್ಲಿ ಗಾರ್ಡನ್ ಕೆಲಸ ಚಾಲೂ. ಒಂದ ಗೂಟಾ ಕಾಣಬಾರದು."

ಮಾವ ಕುಂಚ ಕೆಳಗಿಟ್ಟು ಕೈ ಜೋಡಿಸಿದ. "ಸಾಹೇಬ್ರ, ನಮ್ಮಪ್ಪ, ಅವರಪ್ಪ ಎಲ್ಲಾರೂ ಇಲ್ಲೇ ಹಾಸ್ಯಾರ್ರಿ. ನಾವು ಎಲ್ಲಿ ಹೋಗಿ ಹಾಸೂಣ್ರಿ?"

"ಬೈಪಾಸ ರಸ್ತಾ ಐತೆಲ್ಲೊ? ಚಲೋ ಡಾಂಬರ, ಚಲೋ ಬಿಸಲ. ಅಲ್ಲಿ ಹೋಗಿ ಹಾಸ್ರಿ. ಪೊಲೀಸ್ರು ಕೇಳಿದ್ರ ಮುರಿಗೆಪ್ಪ ಹೇಳ್ಯಾನಂತ ಹೇಳ್ರಿ."

ಈ ಮಾತನ್ನು ಚಹಾದ ಸೋಮಪ್ಪ ಕೇಳಿದ. ಕಟ್ಟೆಯ ಮೇಲಿದ್ದ ಕೆಂಪವ್ವ ಕೇಳಿದಳು. ಇಡೀ ಚೌಕ ಕೇಳಿತು. ಮಾವ ಬಗ್ಗಿ ತನ್ನ ಕೈಯಾರೆ ಗೂಟ ಕಿತ್ತ. ನನ್ನ ಗಂಡ ಕುರಿ ಹಿಂಡಿನ ಜೊತೆ ಮಸಗುಪ್ಪಿ ಕಡೆ ಹೋಗಿದ್ದ. ಇದ್ದಿದ್ದರೆ ಅವನೂ ಕೀಳುತ್ತಿದ್ದ, ಸುಳ್ಳೇಕೆ ಹೇಳಲಿ? ನಾನೂ ಗಂಜಿಯ ಗಡಿಗೆ ಹೊತ್ತುಕೊಂಡು ಬಾಯಿ ಮುಚ್ಚಿಕೊಂಡು ನಡೆದೆ. ಆ ಹೊತ್ತಿಗೆ ನಮ್ಮೆಲ್ಲರ ನಾಲಿಗೆ ಎಲ್ಲಿ ಸತ್ತಿತ್ತೋ ಏನೋ.

ಚೌಕಕ್ಕೆ ಕೆಂಪು ಪೇವರ್ಸ ಕಲ್ಲು ಬಂತು. ಸುತ್ತ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೊಂದು ಗೇಟು, ಗೇಟಿಗೊಂದು ಕೀಲಿ. ಮೇಲೆ ಕಮಾನು ಎಬ್ಬಿಸಿ ಮುರಿಗೆಪ್ಪನ ಅಪ್ಪನ ಹೆಸರು ಬರೆಸಿದರು. ನಾವು ಬೈಪಾಸಿನ ಅಂಚಿಗೆ ಹಾಸು ಕಟ್ಟತೊಡಗಿದೆವು. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಬರುತ್ತಿದ್ದವು. ಒಂದು ಮುಂಜಾನೆ ಹಿಂದಿನ ಟ್ರೇಲರ್ ವಾಲಿ ಮಾವನ ಮೇಲೆ ಬಂತು. ಜೀವ ಉಳಿಯಿತು, ಬಲಗೈ ಉಳಿಯಲಿಲ್ಲ. ಮೊಣಕೈ ಮೇಲಿಂದ ಕತ್ತರಿಸಿ ತೆಗೆದರು. ಎಳೆ ಮುಟ್ಟಿದರೆ ಸಾಕು, ಇದು ಯಾವ ಸೀಮೆಯ ಕುರಿಯದು ಅಂತ ಹೇಳುತ್ತಿದ್ದ ಕೈ ಅದು. ಅವತ್ತಿನಿಂದ ಮಾವ ಮಾತು ಬಿಟ್ಟ. ಊಟಕ್ಕೆ ಕರೆದರೂ ಹೂಂ ಇಲ್ಲ, ಉಹೂಂ ಇಲ್ಲ.

ಮುರಿಗೆಪ್ಪ ದವಾಖಾನೆಗೆ ಬಾಳೆಹಣ್ಣು ಹಿಡಿದುಕೊಂಡು ಬಂದ. ಹಿಂದೆ ಪೊಲೀಸಿನವನು ಬಂದ.

"ಅಲ್ಲಲೇ, ರಸ್ತಾದಾಗ ಹಾಸಂತ ನಿಮಗ ಯಾವ ಸೂಳಿಮಗ ಹೇಳಿದ್ದ?"

ಬ್ಯಾಂಡೇಜು ಸುತ್ತಿಕೊಂಡು ಮಲಗಿದ ಮನುಷ್ಯನ ಮುಂದೆ ನಿಂತು ಮುರಿಗೆಪ್ಪ ಕೇಳಿದ. ಪೊಲೀಸಿನವನು ತಲೆಯಾಡಿಸಿ, ತಪ್ಪೆಲ್ಲ ಮುದುಕನದೇ ಎಂದು ಬರೆದುಕೊಂಡ. ಬಾಳೆಹಣ್ಣನ್ನು ಕಿಡಕಿಯಾಚೆ ಒಗೆದೆ. ತಡಿ ಭಾಡ್ಯಾ, ಯಾರು ಹೇಳಿದ್ದು ಅನ್ನುವುದನ್ನು ನಿನ್ನ ಬಾಯಿಂದಲೇ ಹೇಳಿಸುತ್ತೇನೆ, ಅದೇ ಚೌಕದಲ್ಲಿ, ಅದೇ ಮಂದಿಯ ಮುಂದೆ ಹೇಳಿಸುತ್ತೇನೆ ಅಂದುಕೊಂಡೆ. ಅನ್ನ ಕುದಿಸುವಾಗ, ನೂಲುವಾಗ, ಮಾವನ ಅಂಗಿಯ ಖಾಲಿ ತೋಳು ಮಡಚಿ ಪಿನ್ನು ಹಾಕುವಾಗ ಇದೊಂದೇ ನನ್ನ ತಲೆಯಲ್ಲಿ.

ದಾರಿ ತಾನಾಗಿಯೇ ಮನೆಗೆ ಬಂತು. ಮುರಿಗೆಪ್ಪನ ಹಿಂದೆ ಮೊಬೈಲು ಹಿಡಿದು ಓಡಾಡುವ ಸ್ವಪ್ನಿಲ್ ಬಾಗಿಲಲ್ಲಿ ನಿಂತು ಹಲ್ಲು ಕಿರಿದ.

"ಕಸ್ತೂರಿ ಅಕ್ಕಾ, ಐತವಾರ ಗಾರ್ಡನ್ ಉದ್ಘಾಟನಾ ಐತಿ. ಸಾಹೇಬ್ರಿಗೆ ಕಂಬಳಿ ಹೊಚ್ಚಿ ಸನ್ಮಾನ ಮಾಡಬೇಕ್ರಿ. ನೇಯೋ ಹೆಣ್ಮಗಳ ಕೈಲೇ ಆದ್ರ ಫೋಟೋ ಭಾಳ ಚಲೋ ಬರತೈತಿ."

"ಅದಕ್ಕೇನ, ಹೊಚ್ಚತೇನಿ. ಭಂಡಾರಾನೂ ನಾನs ತರತೇನಿ ಅಂತ ಹೇಳು," ಅಂದೆ.

ಅವನು ಗಲ್ಲಿ ದಾಟುವ ಮುಂಚೆ ಕೆಂಪವ್ವ ಬಂದು ನನ್ನ ಬಾಗಿಲಿಗೆ ಉಗುಳಿದಳು. "ಮಾವನ ಕೈ ತಿಂದವಗ ಕಂಬಳಿ ಹೊಚ್ಚತಿಯೇನ ರಂಡೆ? ನಿನ್ನ ಬಾಯಾಗ ಮಣ್ಣ ಬೀಳ್ಲಿ!"

ಅವಳನ್ನು ಒಳಗೆ ಎಳೆದುಕೊಂಡು ಕಿವಿಯಲ್ಲಿ ಹೇಳಿದೆ. ಕೆಂಪವ್ವ ಸೆರಗಿನಿಂದ ಬಾಗಿಲು ಒರೆಸಿ, "ಆಗs ಹೇಳಾಕ ಏನಾಗಿತ್ತs ಯವ್ವಾ," ಅಂದಳು.

ಭಂಡಾರ ಅಂದರೆ ಬರೀ ಅರಿಸಿನ ಪುಡಿ ಅಂತ ತಿಳಿಯುವವರು ತಿಳಿಯಲಿ, ನಮಗೆ ಅದು ದೇವರೇ. ನಮ್ಮಲ್ಲಿ ಹೆಂಡತಿಗೆ ಸುಳ್ಳು ಹೇಳುವವರಿದ್ದಾರೆ, ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವರಿದ್ದಾರೆ. ಭಂಡಾರದ ಮೇಲೆ ಕೈಯಿಟ್ಟು ಸುಳ್ಳು ಹೇಳಿದವನನ್ನು ಮಾತ್ರ ನಾನು ಕಂಡಿರಲಿಲ್ಲ. ಕುರಿ ಕದ್ದವನು ಭಂಡಾರ ಮುಂದಿಟ್ಟ ಕೂಡಲೇ ಗಳಗಳ ಅತ್ತು ಒಪ್ಪಿಕೊಂಡಿದ್ದನ್ನು ಕಂಡಿದ್ದೆ. ಮುರಿಗೆಪ್ಪನೂ ಎಲೆಕ್ಷನ್ನಿನಲ್ಲಿ ಹಣೆ ತುಂಬ ಬಳಿದುಕೊಂಡು ಬಂದವನೇ. ಅವನೂ ನಮ್ಮ ಹಾಗೆಯೇ ಹೆದರುತ್ತಾನೆ ಅಂತ ನಾನು ನಂಬಿದೆ.

ಐತವಾರ ಕೀಲಿ ತೆಗೆದರು. ಎಷ್ಟೋ ದಿನಕ್ಕೆ ಚೌಕದೊಳಗೆ ಕಾಲಿಟ್ಟೆ. ಬೇವಿನ ಕಟ್ಟೆ ಒಡೆದು ಕಾರಂಜಿ ಮಾಡಿದ್ದರು. ಸೋಮಪ್ಪನ ಗಾಡಿ ಗ್ರಿಲ್ಲಿನಾಚೆ ಗಟಾರದ ಮೇಲೆ ನಿಂತಿತ್ತು. ಪೆಂಡಾಲು, ಹಾರ, ಸ್ಟೇಜಿನ ಮೇಲೆ ಬೆಳಗಾವಿಯಿಂದ ಬಂದ ಯಾರೋ ದೊಡ್ಡ ಲೀಡರು. ನಮ್ಮ ಗಲ್ಲಿಯವರನ್ನು ಹಿಂದೆ ನಿಲ್ಲಿಸಿದ್ದರು. ಮಾವನನ್ನೂ ಕೈ ಹಿಡಿದು ಕರೆತಂದಿದ್ದೆ.

ಹೆಸರು ಕರೆದರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಭಂಡಾರದ ತಾಟು. ಮುರಿಗೆಪ್ಪ ಫೋಟೋಕ್ಕೆ ಸರಿಯಾಗಿ ನಗುತ್ತ ತಲೆ ಬಗ್ಗಿಸಿದ. ನಾನು ಹಣೆಗೆ ಹಚ್ಚಲಿಲ್ಲ. ತಾಟನ್ನು ಅವನ ಎದೆಯ ಮುಂದೆ ಹಿಡಿದೆ. ಮೈಕು ಅಲ್ಲೇ ಇತ್ತು.

"ಮೆಂಬರ್ರ, ಮದಲ ಇದನ್ನ ಮುಟ್ರಿ. ಮುಟ್ಟಿ ಹೇಳ್ರಿ. ಬೈಪಾಸ ರಸ್ತಾದಾಗ ಹೋಗಿ ಹಾಸ್ರಿ ಅಂತ ನಮ್ಮ ಮಾವಗ ಹೇಳಿದವ್ರು ನೀವೋ, ಅಲ್ಲೋ?"

ಲೀಡರು ತನ್ನ ಕುರ್ಚಿಯನ್ನು ಒಂದಿಷ್ಟು ಆಚೆ ಸರಿಸಿದ. ಮುರಿಗೆಪ್ಪನ ಬಾಯಿ ಇನ್ನೂ ನಗುತ್ತಿತ್ತು. "ಕೆಳಗ ಇಳೀತಿಯೇನ ಬೋಸುಡಿ," ಅಂತ ಹಲ್ಲಿನ ಸಂದಿಯಲ್ಲಿ ಅಂದ. ಮೈಕು ಅದನ್ನೂ ಹಿಡಿದು ಎಲ್ಲರಿಗೂ ಕೇಳಿಸಿತು.

"ಇಳಿಯೂದಿಲ್ರಿ. ಮುಟ್ರಿ."

"ಮುಟ್ಟಲೇ!" ಹಿಂದಿನಿಂದ ಕೆಂಪವ್ವ ಕೂಗಿದಳು.

ಅವನು ಮುಟ್ಟಿದ. ಬೆರಳ ತುದಿಯಿಂದಲ್ಲ, ಇಡೀ ಅಂಗೈಯನ್ನು ಭಂಡಾರದೊಳಗೆ ಊರಿದ. ಹಿಟ್ಟಿನಲ್ಲಿ ಕೈಯಿಟ್ಟಷ್ಟು ಸಲೀಸಾಗಿ ಊರಿದ.

"ಭಂಡಾರದ ಆಣಿ ಮಾಡಿ ಹೇಳತೇನಿ. ನಾ ಹಂಗ ಅಂದs ಇಲ್ಲ. ಸಾಕಾತಿಲ್ಲೊ? ಹೊಚ್ಚೀಗ."

ನಾನು ಕಾದೆ. ನಿಜ ಹೇಳುತ್ತೇನೆ, ಅವನ ನಾಲಿಗೆ ಸೇದಿ ಹೋಗುತ್ತದೆ, ಕೈ ಅಲ್ಲೇ ಸೆಟೆದು ನಿಲ್ಲುತ್ತದೆ ಅಂತ ಕಾದೆ. ಏನೂ ಆಗಲಿಲ್ಲ. ಕಾರಂಜಿ ನೀರು ಹಾರಿಸುತ್ತಲೇ ಇತ್ತು. ಅವನು ನನ್ನ ಹೆಗಲ ಮೇಲಿದ್ದ ಕಂಬಳಿಯ ಅಂಚು ಎಳೆದುಕೊಂಡು ಹಳದಿ ಕೈಯನ್ನು ನಿಧಾನಕ್ಕೆ ಒರೆಸಿಕೊಂಡ. ಸ್ವಪ್ನಿಲ್ ಅದರದೂ ಫೋಟೋ ಹೊಡೆದ.

ಅಯ್ಯೋ ನಮ್ಮ ಹುಚ್ಚೇ ಅನ್ನಿಸಿತು. ನಾವು ಹೆದರುವ ದೇವರಿಗೆ ಇವರೂ ಹೆದರುತ್ತಾರೆಂದು ತಲೆತಲಾಂತರದಿಂದ ನಂಬಿಕೊಂಡು ಗೂಟ ಕಿತ್ತೆವಲ್ಲ. ಅಳು ಬರಲಿಲ್ಲ. ಸಿಟ್ಟು ಉಗುರಿನ ತುದಿಯವರೆಗೆ ಇಳಿಯಿತು. ತಾಟನ್ನು ಜೋಪಾನವಾಗಿ ಟೇಬಲ್ಲಿನ ಮೇಲಿಟ್ಟೆ. ಅದರ ತಪ್ಪೇನಿತ್ತು ಪಾಪ. ಮೈಕನ್ನು ಎಳೆದುಕೊಂಡೆ.

"ಕೇಳಿದ್ರಿಲ್ಲೋ ಎಲ್ಲಾರೂ? ಅವತ್ತ ಇಲ್ಲೇ ನಿಂತ ಕೇಳಿದವ್ರು ಇವತ್ತೂ ಕೇಳಿದ್ರಿ. ದ್ಯಾವ್ರು ಸುಮ್ನ ಕುಂತ. ನೀವೂ ಸುಮ್ನ ಕುಂಡ್ರವ್ರೇನ?"

ಯಾರೋ ಮೈಕಿನ ವೈರು ಕಿತ್ತರು. ಯಾರೂ ಅಲುಗಲಿಲ್ಲ. ಸೋಮಪ್ಪ ನೆಲ ನೋಡಿದ.

ಆಗ ಹಿಂದಿನಿಂದ ಒಂದು ದನಿ ಬಂತು. ತುಕ್ಕು ಹಿಡಿದ ದನಿ. ದವಾಖಾನೆಯಿಂದ ಬಂದ ಮೇಲೆ ಆ ದನಿಯನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

"ನನ್ನ ಕಣ್ಣಾಗ ಕಣ್ಣಿಟ್ಟ ಹೇಳಿದ್ದೆಲ್ಲೊ ಸೂಳಿಮಗನ! ಏ, ಕೀಳ್ರಲೇ ಈ ಕಲ್ಲಾ! ಕೀಳ್ರಿ!"

ಪೆಂಡಾಲಿನವರು ಬಿಟ್ಟಿದ್ದ ಕಬ್ಬಿಣದ ಹಾರಿಯನ್ನು ಕೆಂಪವ್ವ ಎತ್ತಿಕೊಂಡಳು. ಪೇವರ್ಸಿನ ಸಂದಿಗೆ ಹಾಕಿ ಮೀಟಿದಳು. ಕೆಂಪು ಕಲ್ಲೊಂದು ಟಣ್ಣನೆ ಎದ್ದಿತು. ಕೆಳಗೆ ನಮ್ಮ ಕರಿ ಮಣ್ಣು. ಸೋಮಪ್ಪ ಗ್ರಿಲ್ಲು ಹಾರಿ ಒಳಗೆ ಬಂದ. ಪೊಲೀಸರು ಸೀಟಿ ಊದುತ್ತ ಓಡಿ ಬಂದರು. ಮುರಿಗೆಪ್ಪ ಸ್ಟೇಜಿನ ಅಂಚಿನಲ್ಲಿ ನಿಂತು, "ಒದ್ದ ಒಳಗ ಹಾಕ್ರಿ ಎಲ್ಲಾರ್ನೂ!" ಅಂತ ಆ ಹಳದಿ ಕೈ ಬೀಸಿ ಒದರುತ್ತಿದ್ದ. ವೈರು ಕಿತ್ತಿದ್ದರಿಂದ ಅವನ ಮಾತು ಸ್ಟೇಜು ದಾಟಿ ಕೆಳಗೆ ಯಾರಿಗೂ ಕೇಳಿಸಲಿಲ್ಲ.

ನಾನು ಸ್ಟೇಜು ಇಳಿದೆ. ಕಂಬಳಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿಕೊಂಡು ಕೆಂಪವ್ವನಿಗೆ ಕೈ ಚಾಚಿದೆ.

"ಕೊಡs ಇಲ್ಲಿ ಹಾರಿ."