ನಿನ್ನೆಯ ಹಾಡಿನ ಎಕೋ

ಅರಸೀಕೆರೆಯ ಕೊಬ್ಬರಿ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ಬಿಂದುಶ್ರೀ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೊ ನಡೆಸುತ್ತಿದ್ದಳು. ಅಂದು ಬಾಣಾವರದ ಭಜನಾ ತಂಡ ಬಂದಿತ್ತು. ಹಾಡುವವರು ಸಿದ್ದಯ್ಯ. ವಯಸ್ಸು ಎಪ್ಪತ್ತೊಂದಾದರೂ ಊರಲ್ಲಿ ಅವರಷ್ಟು ತಾಳ ಬಲ್ಲವರಿರಲಿಲ್ಲ.

ಆದರೆ ಹೆಡ್‌ಫೋನ್ ಹಾಕಿಕೊಂಡು ಹಾಡತೊಡಗಿದರೆ ಎರಡನೇ ಸಾಲಿಗೇ ತಾಳ ತಪ್ಪುತ್ತಿತ್ತು. ನಾಲ್ಕು ಸಲವೂ ಹಾಗೇ ಆಯಿತು. ತಬಲ ನುಡಿಸುವ ರಂಗನಾಥನಿಗೆ ತಾಳ್ಮೆ ಕೆಟ್ಟಿತು.

"ಸಿದ್ದಯ್ಯನೋರೇ, ಇದೊಂದ ನಾನೇ ಹಾಡ್ತೀನಿ ಬಿಡಿ. ನಿಮ್ಗೂ ವಯಸ್ಸಾಯ್ತು."

ಸಿದ್ದಯ್ಯ ಹೆಡ್‌ಫೋನ್ ತೆಗೆದಿಟ್ಟು ಮೆಟ್ಟಿಲಿಳಿದು ಹೋದರು.

ಬಿಂದುಶ್ರೀಗೆ ಅನುಮಾನ ಬಂತು. ಅವರ ಹೆಡ್‌ಫೋನನ್ನು ತಾನೇ ಹಾಕಿಕೊಂಡು, ರೆಕಾರ್ಡ್ ಆದದ್ದನ್ನು ಮತ್ತೆ ಕೇಳಿದಳು. ಹಿಂದಿನ ದಿನ ರೆಕಾರ್ಡ್ ಮಾಡಿದ್ದ ಮದುವೆ ಹಾಡಿಗೆ ಕೂಡಿಸಿದ್ದ ಎಕೋ, ಅಂದರೆ ಮರುದನಿ, ಹಾಗೇ ಉಳಿದುಬಿಟ್ಟಿತ್ತು. ಆ ಹಾಡಿಗೆ ನಿಮಿಷಕ್ಕೆ ನೂರಿಪ್ಪತ್ತು ಪೆಟ್ಟು; ದನಿ ಅರ್ಧ ಸೆಕೆಂಡಿಗೆ ಮರಳುತ್ತಿತ್ತು. ಈ ಭಜನೆಗೆ ಎಂಬತ್ತೇ ಪೆಟ್ಟು. ಮುಂದಿನ ಪೆಟ್ಟು ಬೀಳುವ ಮೊದಲೇ ಸಿದ್ದಯ್ಯನವರ ದನಿ ಅವರ ಕಿವಿಗೇ ಮರಳಿ ಬಂದು, ಅವರನ್ನು ಅವಸರಪಡಿಸುತ್ತಿತ್ತು.

ಸುಮ್ಮನೆ ಸರಿಮಾಡಿ ಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ರಂಗನಾಥಣ್ಣ, ತಪ್ಪು ಅವರದಲ್ಲ, ನಂದು," ಎಂದು ಎಲ್ಲರೆದುರೇ ಹೇಳಿದಳು. ಅರವತ್ತು ಸೆಕೆಂಡನ್ನು ಎಂಬತ್ತರಿಂದ ಭಾಗಿಸಿ, ಎಕೋವನ್ನು ಮುಕ್ಕಾಲು ಸೆಕೆಂಡಿಗೆ ತಿರುಗಿಸಿಟ್ಟು ಕೆಳಗೋಡಿದಳು.

ಸಿದ್ದಯ್ಯ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದರು. ಕೈಯಲ್ಲಿದ್ದ ಟೀ ಆರಿತ್ತು.

"ಅಜ್ಜಾರೇ, ನಿಮ್ಮ ತಾಳ ಸರಿಯಾಗೇ ಇತ್ತು. ನಾನೇ ಬೇರೆ ಹಾಡಿನ ಎಕೋ ನಿಮ್ಮ ಕಿವಿಗೆ ಹಾಕಿದ್ದೆ."

ಅವರು ಅವಳನ್ನೇ ನೋಡಿದರು. "ನಿಜ ಹೇಳವ್ವ. ಸಮಾಧಾನಕ್ಕೆ ಹೇಳ್ತಿಲ್ಲ ತಾನೆ?"

"ಇಲ್ಲ ಅಜ್ಜಾರೇ. ಬಂದು ನೀವೇ ಕೇಳಿ."

ಈ ಸಲ ಮರಳಿದ ದನಿ ತಬಲದ ಪೆಟ್ಟಿನ ಮೇಲೆಯೇ ಬಂದು ಕೂತಿತು. ಸಿದ್ದಯ್ಯ ಕಣ್ಣು ಮುಚ್ಚಿ, ಒಂದೇ ಉಸಿರಿಗೆಂಬಂತೆ ಪೂರ್ತಿ ಹಾಡಿದರು.

ಹಾಡು ಮುಗಿದಾಗ ರಂಗನಾಥ ತಲೆ ತಗ್ಗಿಸಿ ನಿಂತಿದ್ದ. "ದುಡುಕಿ ಮಾತಾಡ್ಬುಟ್ಟೆ, ಕ್ಷಮಿಸ್ಬೇಕು."

"ನಂಗೇ ನನ್ ಮೇಲೆ ಅನುಮಾನ ಬಂದಿತ್ತು ಕಣೋ, ನಿಂಗ್ ಬರದೆ ಇರ್ತೈತಾ?" ಎಂದು ಸಿದ್ದಯ್ಯ ಅವನ ಹೆಗಲು ತಟ್ಟಿದರು. "ಬಾ, ಇನ್ನೊಂದೈತೆ, ಅದ್ನೂ ಹಾಡಿ ಮುಗಿಸಾನ."